ಹೈಡ್ರಾಲಿಕ್ ಪವರ್ ಸ್ಟೀರಿಂಗ್: ಕೆಲಸ ಮಾಡುವ ಬಗೆ, ಕೆಡುವ ಬಗೆ, ಕೆಡದಂತೆ ನೋಡಿಕೊಳ್ಳುವ ಬಗೆ

ಬಾನೆಟ್ ತೆಗೆದು ನೋಡಿ. ಒಂದು ಚಿಕ್ಕ ಪ್ಲಾಸ್ಟಿಕ್ ಡಬ್ಬಿ, ಅದರ ಮುಚ್ಚಳದ ಮೇಲೆ ಸ್ಟೀರಿಂಗ್ ಚಕ್ರದ ಚಿತ್ರ ಇದ್ದರೆ ನಿಮ್ಮದು ಆಯಿಲ್‌ನಿಂದ ಕೆಲಸ ಮಾಡುವ ಪವರ್ ಸ್ಟೀರಿಂಗ್. ಅದು ಕಾಣದಿದ್ದರೆ ಹೆಚ್ಚಾಗಿ ಎಲೆಕ್ಟ್ರಿಕ್. ಹಾಗಿದ್ದರೆ ಈ ಬರಹ ನಿಮಗಲ್ಲ. ಹೊಸ ಸಣ್ಣ ಕಾರುಗಳಲ್ಲಿ ಈಗ ಹೆಚ್ಚುಕಡಿಮೆ ಎಲ್ಲವೂ ಮೋಟಾರಿನ ಸ್ಟೀರಿಂಗೇ. ಆದರೆ ಹಳೆಯ ಇನ್ನೋವಾ, ಕ್ರಿಸ್ಟಾ, ಬೊಲೆರೊ, ಹಳೆಯ ಸ್ಕಾರ್ಪಿಯೊ, ಇಂಡಿಕಾ ಇವೆಲ್ಲ ಆಯಿಲ್‌ನವು. ಲಾರಿ, ಬಸ್ಸುಗಳೂ ಬಹುಪಾಲು ಇದೇ. ಬಾಡಿಗೆಗೆ ಓಡುವ, ಘಾಟಿ ಹತ್ತಿ ಇಳಿಯುವ, ದಿನಕ್ಕೆ ಜಾಸ್ತಿ ದುಡಿಯುವ ಗಾಡಿಗಳಲ್ಲೇ ಇದು ಉಳಿದುಕೊಂಡಿದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಆಯಿಲ್ ಖರ್ಚಾಗುವ ವಸ್ತು ಅಲ್ಲ. ಉರಿಯುವುದಿಲ್ಲ, ಆವಿಯಾಗಿ ಹೋಗುವುದಿಲ್ಲ. ಮುಚ್ಚಿದ ದಾರಿಯಲ್ಲಿ ಅದೇ ಆಯಿಲ್ ಸುತ್ತುತ್ತಲೇ ಇರುತ್ತದೆ. ಡಬ್ಬಿಯಲ್ಲಿ ಕಡಿಮೆಯಾಗಿದೆ ಅಂದರೆ ಎಲ್ಲೋ ಸೋರಿದೆ, ಅಷ್ಟೇ. "ಸ್ವಲ್ಪ ಟಾಪ್ ಅಪ್ ಮಾಡಿದ್ದೀನಿ ಸಾರ್" ಅಂತ ಪ್ರತಿ ಸರ್ವಿಸ್‌ನಲ್ಲೂ ಹೇಳುತ್ತಿದ್ದರೆ, "ಮೊದಲಿದ್ದದ್ದು ಎಲ್ಲಿ ಹೋಯ್ತು?" ಅಂತ ಕೇಳಿ. ಪಂಪು, ರ್ಯಾಕು (ಮುಂದಿನ ಚಕ್ರಗಳನ್ನು ಎಡಬಲಕ್ಕೆ ತಿರುಗಿಸುವ ಹಲ್ಲಿನ ಸರಳು) ಹಾಳಾಗಿ ದೊಡ್ಡ ಬಿಲ್ ಬರುವ ಕಥೆಗಳೆಲ್ಲ ಬಹುಮಟ್ಟಿಗೆ ಈ ಪ್ರಶ್ನೆ ಕೇಳದೆ ಬಿಟ್ಟಲ್ಲಿಂದಲೇ ಶುರುವಾಗುತ್ತವೆ.

ಒಳಗೆ ಏನಾಗುತ್ತದೆ

ಇಂಜಿನ್ ತಿರುಗಿದಾಗ ಬೆಲ್ಟು ಒಂದು ಪಂಪನ್ನು ತಿರುಗಿಸುತ್ತದೆ. ಕಾರುಗಳಲ್ಲಿ ಇದು ಸಾಮಾನ್ಯವಾಗಿ ವೇನ್ ಪಂಪು. ಬಿಚ್ಚಿ ನೋಡಿದರೆ ನಡುವೆ ಗುಂಡಗಿನ ರೋಟರ್, ಅದರ ಸುತ್ತ ಸೀಳುಗಳು, ಪ್ರತಿ ಸೀಳಿನಲ್ಲೂ ಒಳಗೆ ಹೊರಗೆ ಜಾರುವ ಉಕ್ಕಿನ ತೆಳು ಪಟ್ಟಿ. ಈ ಪಟ್ಟಿಯೇ ವೇನ್. ರೋಟರ್ ತಿರುಗಿದಾಗ ಈ ಪಟ್ಟಿಗಳು ಹೊರಗೆ ಚಿಮ್ಮಿ, ಸುತ್ತಲಿನ ಮೊಟ್ಟೆಯಾಕಾರದ ಉಂಗುರದ ಗೋಡೆಗೆ ಒತ್ತಿಕೊಂಡು ಓಡುತ್ತವೆ. ಜಾಗ ಅಗಲವಾದಲ್ಲಿ ಆಯಿಲ್ ಒಳಗೆ ಬರುತ್ತದೆ, ಕಿರಿದಾದಲ್ಲಿ ಒತ್ತಿ ಹೊರಗೆ ಹೋಗುತ್ತದೆ. ಪಟ್ಟಿಯ ತುದಿಗೂ ಗೋಡೆಗೂ ನಡುವೆ ಇರುವುದು ಆಯಿಲ್‌ನ ಒಂದು ತೆಳು ಪದರ ಮಾತ್ರ. ಆ ಪದರ ಇರುವವರೆಗೆ ಪಂಪು ಲಕ್ಷಗಟ್ಟಲೆ ಕಿಲೋಮೀಟರ್ ಬಾಳುತ್ತದೆ. ಆಯಿಲ್ ಜೊತೆ ಗಾಳಿ ಬಂದರೆ ಪದರ ಕಡಿದುಹೋಗುತ್ತದೆ, ಲೋಹಕ್ಕೆ ಲೋಹ ಉಜ್ಜುತ್ತದೆ. ಗಾಳಿ ಸೇರಿದ ಪಂಪು 'ಗುಂಯ್' ಅಂತ ಸದ್ದು ಮಾಡುತ್ತದೆ.

ಪಂಪಿನಿಂದ ಹೊರಟ ಆಯಿಲ್ ದಪ್ಪನೆಯ ಪ್ರೆಶರ್ ಹೋಸ್‌ನಲ್ಲಿ ಸ್ಟೀರಿಂಗ್ ರ್ಯಾಕಿಗೆ ಬರುತ್ತದೆ. ರ್ಯಾಕಿನ ಮೂತಿಯಲ್ಲಿ ಒಂದು ವಾಲ್ವ್ ಇದೆ. ಜಾಣತನವೆಲ್ಲ ಇರುವುದು ಇಲ್ಲೇ. ಸ್ಟೀರಿಂಗ್ ಕಡ್ಡಿಗೂ ಕೆಳಗೆ ರ್ಯಾಕನ್ನು ಸರಿಸುವ ಪಿನಿಯನ್ ಅನ್ನುವ ಸಣ್ಣ ಹಲ್ಲುಚಕ್ರಕ್ಕೂ ನಡುವೆ ಸಣ್ಣದೊಂದು ಉಕ್ಕಿನ ಸರಳು ಇರುತ್ತದೆ. ಟಾರ್ಶನ್ ಬಾರ್ ಅನ್ನುತ್ತಾರೆ. ನೀವು ಸ್ಟೀರಿಂಗ್ ತಿರುಗಿಸಿದಾಗ ಟಯರು ನೆಲ ಕಚ್ಚಿಕೊಂಡು ಹಟ ಹಿಡಿಯುತ್ತದೆ. ಆ ಹಟಕ್ಕೆ ಈ ಸರಳು ಒಂದೆರಡು ಡಿಗ್ರಿ ತಿರುಚಿಕೊಳ್ಳುತ್ತದೆ. ಅಷ್ಟು ಸಾಕು, ವಾಲ್ವಿನ ಒಂದು ಕಡೆಯ ಬಾಯಿ ತೆರೆದು ಇನ್ನೊಂದು ಮುಚ್ಚಿಕೊಳ್ಳುತ್ತದೆ. ಆಯಿಲ್ ರ್ಯಾಕಿನೊಳಗಿನ ಪಿಸ್ಟನ್ನಿನ ಒಂದು ಪಕ್ಕಕ್ಕೆ ನುಗ್ಗಿ ಅದನ್ನು ತಳ್ಳುತ್ತದೆ. ಇನ್ನೊಂದು ಪಕ್ಕದ ಆಯಿಲ್ ರಿಟರ್ನ್ ಪೈಪಿನಲ್ಲಿ ಡಬ್ಬಿಗೆ ವಾಪಸ್. ಚಕ್ರ ತಿರುಗುತ್ತಿದ್ದಂತೆ ತಿರುಚು ಬಿಚ್ಚಿಕೊಳ್ಳುತ್ತದೆ, ನೆರವೂ ನಿಲ್ಲುತ್ತದೆ. ಜಾಸ್ತಿ ಒತ್ತಿದರೆ ಜಾಸ್ತಿ ನೆರವು, ಸುಮ್ನೆ ಹಿಡಿದಿದ್ದರೆ ಏನೂ ಇಲ್ಲ.

ನೇರ ರಸ್ತೆಯಲ್ಲಿ ವಾಲ್ವಿನ ಎರಡೂ ಬಾಯಿ ತೆರೆದೇ ಇರುತ್ತವೆ. ಆಯಿಲ್ ಹೆಚ್ಚು ಒತ್ತಡವಿಲ್ಲದೆ ಹೀಗೆ ಬಂದು ಹಾಗೆ ಹೋಗುತ್ತದೆ. ಈ ಉಪಾಯ ಅಮೆರಿಕದ ಫ್ರಾನ್ಸಿಸ್ ಡೇವಿಸ್ ಅವರದ್ದು. ಪಿಯರ್ಸ್-ಆರೋ ಕಂಪನಿಯಲ್ಲಿ ಲಾರಿಗಳ ಇಂಜಿನಿಯರ್ ಆಗಿದ್ದವರು, 1926ರಲ್ಲೇ ಓಡಿಸಿ ತೋರಿಸಿದ್ದರು. ಮಾರಾಟದ ಕಾರಿಗೆ ಬಂದದ್ದು 1951ರಲ್ಲಿ, ಕ್ರೈಸ್ಲರ್ ಇಂಪೀರಿಯಲ್‌ನಲ್ಲಿ. ಮುಖ್ಯ ಲೆಕ್ಕ ಅಂದಿನಿಂದ ಇಂದಿನವರೆಗೆ ಬದಲಾಗಿಲ್ಲ.

ಇನ್ನೊಂದು ವಿಷಯ ನೆನಪಿರಲಿ. ಸ್ಟೀರಿಂಗ್ ಕಡ್ಡಿಗೂ ಚಕ್ರಕ್ಕೂ ಕಬ್ಬಿಣದ ಸಂಬಂಧ ಇದ್ದೇ ಇರುತ್ತದೆ. ಪಂಪು ನಿಂತರೂ ಗಾಡಿ ತಿರುಗುತ್ತದೆ. ತುಂಬಾ ಗಟ್ಟಿಯಾಗುತ್ತದೆ, ಆದರೆ ತಿರುಗುತ್ತದೆ.

ಫುಲ್ ಕಟ್ ಮಾಡಿ ಹಿಡಿದುಕೊಂಡರೆ ಏನಾಗುತ್ತದೆ

ಸ್ಟೀರಿಂಗನ್ನು ಕೊನೆಯವರೆಗೆ ಕಟ್ ಮಾಡಿ ಅಲ್ಲೇ ಒತ್ತಿ ಹಿಡಿದಿದ್ದೀರಿ ಅಂದುಕೊಳ್ಳಿ. ಪಿಸ್ಟನ್ನಿಗೆ ಇನ್ನು ಹೋಗಲು ಜಾಗವಿಲ್ಲ. ಆದರೆ ಪಂಪಿಗೆ ಅದು ಗೊತ್ತಿಲ್ಲ, ಆಯಿಲ್ ತಳ್ಳುತ್ತಲೇ ಇರುತ್ತದೆ. ಒತ್ತಡ ಏರಿ ಏರಿ ಸುಮಾರು 80 ಬಾರ್‌ಗೆ, ಕೆಲವು ಗಾಡಿಗಳಲ್ಲಿ ಇನ್ನೂ ಮೇಲಕ್ಕೆ ಹೋಗುತ್ತದೆ. ಟಯರಿನ ಗಾಳಿಯ ಒತ್ತಡದ 30 ಪಟ್ಟಿಗೂ ಜಾಸ್ತಿ. ಆಗ ಪಂಪಿನೊಳಗಿನ ರಿಲೀಫ್ ವಾಲ್ವ್ ತೆರೆದು, ಆಯಿಲನ್ನು ಪಂಪಿನೊಳಗೇ ಸುತ್ತಿಸುತ್ತದೆ. ಹೋಸ್ ಒಡೆಯದಂತೆ ಕಾಪಾಡುವುದು ಇದೇ.

ಹಾಗಾದರೆ ತೊಂದರೆ ಏನು? ಬಿಸಿ. ಪಂಪು ನಿಮಿಷಕ್ಕೆ ಸುಮಾರು 6ರಿಂದ 8 ಲೀಟರ್ ಆಯಿಲ್ ದೂಡುತ್ತದೆ. 8 ಲೀಟರನ್ನು 80 ಬಾರ್ ಒತ್ತಡದಲ್ಲಿ ದೂಡಲು ಬೇಕಾಗುವ ಶಕ್ತಿ ಲೆಕ್ಕ ಹಾಕಿದರೆ ಒಂದು ಕಿಲೋವ್ಯಾಟ್‌ನ ಹತ್ತಿರ ಬರುತ್ತದೆ. ಕೆಲಸ ಏನೂ ಆಗುತ್ತಿಲ್ಲವಾದ್ದರಿಂದ ಅದೆಲ್ಲ ಬಿಸಿಯಾಗಿಯೇ ಹೊರಬರಬೇಕು. ಬಚ್ಚಲಲ್ಲಿ ಬಕೆಟ್ ನೀರು ಕಾಯಿಸುವ ಹೀಟರ್ ಕಾಯಿಲನ್ನು ತಂದು, ಪಂಪಿನೊಳಗಿನ ಒಂದು ಲೋಟ ಆಯಿಲ್‌ಗೆ ಅದ್ದಿದ ಹಾಗಾಯಿತು. ಕೆಲವೇ ಸೆಕೆಂಡು ಸಾಕು. ಬಿಸಿಗೆ ಆಯಿಲ್ ತೆಳ್ಳಗಾಗುತ್ತದೆ, ಕಪ್ಪಾಗುತ್ತದೆ, ರಬ್ಬರ್ ಸೀಲುಗಳು ಗಟ್ಟಿಯಾಗಿ ಬಿರಿಯುತ್ತವೆ.

ಆದ್ದರಿಂದ ಅಭ್ಯಾಸ ಹೀಗಿರಲಿ. ಲಾಕ್ ಆಗುವವರೆಗೆ ತಿರುಗಿಸಬೇಕಾದರೆ ತಿರುಗಿಸಿ, ತಗುಲಿದ ಕೂಡಲೇ ಒಂದು ಬೆರಳಿನಷ್ಟು ವಾಪಸ್ ಬಿಡಿ. ಕೊನೆಯಲ್ಲಿ ಒತ್ತಿ ಹಿಡಿದಾಗ ಬರುವ ಗುಂಯ್ ಸದ್ದೂ ತಕ್ಷಣ ನಿಲ್ಲುತ್ತದೆ, ಒತ್ತಡ ಇಳಿಯಿತು ಅಂತ ಅರ್ಥ. ಗಾಡಿಯ ಪುಸ್ತಕಗಳು 5 ಸೆಕೆಂಡು, 10 ಸೆಕೆಂಡು ಅಂತ ಬೇರೆ ಬೇರೆ ಮಿತಿ ಹೇಳುತ್ತವೆ. ನಾನಾದರೆ ಒಂದು ಸೆಕೆಂಡೂ ಬೇಡ ಅನ್ನುತ್ತೇನೆ, ಹಿಡಿದುಕೊಂಡು ಆಗಬೇಕಾದ್ದು ಏನೂ ಇಲ್ಲವಲ್ಲ.

ನಿಂತಲ್ಲೇ ಸ್ಟೀರಿಂಗ್ ತಿರುಗಿಸುವುದೂ ಇದರ ತಮ್ಮನೇ. ಗಾಡಿ ಒಂಚೂರು ಉರುಳುತ್ತಿದ್ದರೆ ಟಯರು ಸಲೀಸಾಗಿ ತಿರುಗುತ್ತದೆ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಪಾರ್ಕ್ ಮಾಡುವಾಗ ಕ್ಲಚ್ ಸ್ವಲ್ಪ ಬಿಟ್ಟು, ಗಾಡಿ ಅಲುಗಿದ ಮೇಲೆ ತಿರುಗಿಸಿ. ಚಕ್ರ ಫುಟ್‌ಪಾತಿನ ಕಲ್ಲಿಗೋ ಹೊಂಡದ ಅಂಚಿಗೋ ತಾಗಿ ನಿಂತಿದ್ದಾಗ ಬಲ ಹಾಕಿ ತಿರುಗಿಸಲೇಬೇಡಿ.

ತಿಂಗಳಿಗೊಮ್ಮೆ ನೋಡಬೇಕಾದ್ದು

ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಸ್ಟೀರಿಂಗ್ ನೇರ ಮಾಡಿ, ಇಂಜಿನ್ ಆಫ್ ಮಾಡಿ. ಮುಚ್ಚಳ ತೆಗೆಯುವ ಮುಂಚೆ ಅದರ ಸುತ್ತಲಿನ ಧೂಳನ್ನು ಬಟ್ಟೆಯಿಂದ ಒರೆಸಿ. ಇದು ಸಣ್ಣ ವಿಷಯವಲ್ಲ. ಒಳಗೆ ಬಿದ್ದ ಒಂದು ಚಿಟಿಕೆ ಕೆಮ್ಮಣ್ಣು ನೇರ ವೇನ್‌ಗಳಿಗೆ ಹೋಗುತ್ತದೆ.

ಡಬ್ಬಿಯ ಮೇಲೋ ಮುಚ್ಚಳದ ಕಡ್ಡಿಯ ಮೇಲೋ ಎರಡು ಜೊತೆ ಗೆರೆ ಇರಬಹುದು: ತಣ್ಣಗಿದ್ದಾಗಿನದು ಒಂದು, ಬಿಸಿಯಾದಾಗಿನದು ಒಂದು. ಬೆಳಗ್ಗೆ ನೋಡುವುದಾದರೆ ತಣ್ಣಗಿನ ಗೆರೆ ನೋಡಿ. ಬಿಸಿ ಗೆರೆಯವರೆಗೆ ಬೆಳಗ್ಗೆಯೇ ತುಂಬಿಸಿದರೆ, ಮಧ್ಯಾಹ್ನ ಆಯಿಲ್ ಹಿಗ್ಗಿ ಮುಚ್ಚಳದಿಂದ ಉಕ್ಕುತ್ತದೆ. ಆಮೇಲೆ ಅದನ್ನು ಸೋರಿಕೆ ಅಂದುಕೊಂಡು ತಲೆ ಕೆಡಿಸಿಕೊಳ್ಳಬೇಕಾಗುತ್ತದೆ.

ಈಗ ಆಯಿಲ್‌ನ ಒಂದು ಹನಿಯನ್ನು ಬಿಳಿ ಕಾಗದದ ಮೇಲೆ ಹಾಕಿ ಬೆಳಕಿಗೆ ಹಿಡಿಯಿರಿ. ಎಟಿಎಫ್ (ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್, ಹಲವು ಗಾಡಿಗಳ ಸ್ಟೀರಿಂಗಿಗೂ ಇದೇ) ಆದರೆ ಸ್ವಚ್ಛ ಕೆಂಪಗಿರಬೇಕು. ಕಂದು ಬಂದಿದ್ದರೆ ಹಳೆಯದು. ಕಪ್ಪಾಗಿ ಸುಟ್ಟ ವಾಸನೆ ಇದ್ದರೆ ಬಿಸಿಗೆ ಬೆಂದಿದೆ, ಅಥವಾ ಹೋಸ್‌ನ ಒಳಗಿನ ರಬ್ಬರ್ ಕರಗಿ ಬರುತ್ತಿದೆ. ಬೆಳ್ಳಿಯ ಪುಡಿಯಂತೆ ಮಿನುಗಿದರೆ ಪಂಪಿನ ಲೋಹ ಸವೆಯುತ್ತಿದೆ. ನೊರೆ ಇದ್ದರೆ, ತಿಳಿ ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ಗಾಳಿ ಸೇರಿದೆ.

ಬೆಲ್ಟನ್ನೂ ನೋಡಿ. ಹಳೆಯ ವಿ-ಬೆಲ್ಟ್ ಆದರೆ ಎರಡು ಪುಲ್ಲಿಗಳ ನಡುವೆ ಹೆಬ್ಬೆರಳಿನಿಂದ ಒತ್ತಿದಾಗ ಸುಮಾರು 10 ಮಿ.ಮೀ. ಬಗ್ಗಬೇಕು. ಅದಕ್ಕಿಂತ ಸಡಿಲವಿದ್ದರೆ ಜಾರುತ್ತದೆ, ತೀರಾ ಬಿಗಿಯಿದ್ದರೆ ಪಂಪಿನ ಬೇರಿಂಗ್ ತಿನ್ನುತ್ತದೆ. ಚಪ್ಪಟೆ ಬೆಲ್ಟಿಗೆ ಸಾಮಾನ್ಯವಾಗಿ ತಾನಾಗಿ ಬಿಗಿಯುವ ಟೆನ್ಶನರ್ ಇರುತ್ತದೆ, ಅಲ್ಲಿ ಬಿರುಕು ಮತ್ತು ಹೊಳಪು ನೋಡಿದರೆ ಸಾಕು. ಬೆಲ್ಟ್ ಮುಟ್ಟುವಾಗ ಇಂಜಿನ್ ಆಫ್ ಇರಲಿ, ಕೀ ಜೇಬಿನಲ್ಲಿರಲಿ.

ಕೊನೆಗೆ ಬಗ್ಗಿ, ರ್ಯಾಕಿನ ಎರಡು ತುದಿಯ ರಬ್ಬರ್ ಬೂಟುಗಳನ್ನು ನೋಡಿ. ಬಿಲ್ಲಿನಲ್ಲಿ ತೀರಾ ಸಣ್ಣ ಮೊತ್ತದ್ದು ಇದು, ಆದರೆ ಅಸಡ್ಡೆಗೆ ದೊಡ್ಡ ದಂಡ ಕಟ್ಟಿಸುವುದೂ ಇದೇ. ಬೂಟು ಹರಿದರೆ ಮಳೆಗಾಲದ ಕೆಸರು ರ್ಯಾಕಿನ ನುಣುಪಾದ ಶಾಫ್ಟಿಗೆ ಮೆತ್ತಿಕೊಳ್ಳುತ್ತದೆ. ಪ್ರತಿ ತಿರುವಿನಲ್ಲೂ ಅದು ಸೀಲಿನ ತುಟಿಯನ್ನು ಗೀರುತ್ತದೆ. ಶಾಫ್ಟಿಗೆ ತುಕ್ಕು ಹಿಡಿದರೆ ಮುಗಿಯಿತು. ಮಲೆನಾಡಿನಲ್ಲಿ, ಗಣಿ ರಸ್ತೆಗಳಲ್ಲಿ ಓಡುವ ಗಾಡಿಗಳಲ್ಲಿ ಮಳೆಗಾಲದ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ನೋಡಿಸಿ.

ಯಾವ ಆಯಿಲ್

ಮುಚ್ಚಳದ ಮೇಲೆ ಬರೆದಿರುವುದನ್ನೇ ಹಾಕಿ. ಟೊಯೊಟಾದಂಥ ಹಲವು ಗಾಡಿಗಳು ಡೆಕ್ಸ್ರಾನ್ ದರ್ಜೆಯ ಎಟಿಎಫ್ ಕೇಳುತ್ತವೆ. ಹೋಂಡಾ ತನ್ನದೇ ಪವರ್ ಸ್ಟೀರಿಂಗ್ ಆಯಿಲ್ ಕೇಳುತ್ತದೆ. ಕೆಲವು ಯುರೋಪಿನ ಕಾರುಗಳಿಗೆ ಹಸಿರು ಬಣ್ಣದ ಹೈಡ್ರಾಲಿಕ್ ಆಯಿಲ್. ಬಣ್ಣ ನೋಡಿ ಕೊಳ್ಳಬೇಡಿ, ಬಣ್ಣ ಕಂಪನಿಯವರ ಇಷ್ಟ.

ಬ್ರೇಕ್ ಆಯಿಲನ್ನು ಮಾತ್ರ ಅಪ್ಪಿತಪ್ಪಿಯೂ ಹಾಕಬೇಡಿ. ಅದು ಬೇರೆಯೇ ಜಾತಿಯದು, ಈ ಸೀಲುಗಳ ರಬ್ಬರ್ ಅದಕ್ಕೆ ಉಬ್ಬಿ ಮೆತ್ತಗಾಗುತ್ತದೆ. ಡಬ್ಬಿಗಳು ಅಕ್ಕಪಕ್ಕ ಇರುವುದರಿಂದ ಪೆಟ್ರೋಲ್ ಬಂಕಿನಲ್ಲಿ ಅವಸರಕ್ಕೆ ತಪ್ಪಾಗುವುದುಂಟು. ಹಾಗೆ ಆದರೆ ಗಾಡಿ ಸ್ಟಾರ್ಟ್ ಮಾಡಬೇಡಿ. ಡಬ್ಬಿಯಲ್ಲೇ ಇರುವಾಗ ಎಲ್ಲ ಹೀರಿ ತೆಗೆದರೆ ಬಚಾವ್. ಒಮ್ಮೆ ಸುತ್ತಿದ ಮೇಲೆ ಸೀಲುಗಳೆಲ್ಲ ಬದಲಾಯಿಸಬೇಕಾಗುತ್ತದೆ.

"ಲೀಕ್ ನಿಲ್ಲಿಸುವ" ಬಾಟಲಿಗಳ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ, ಬೇಡ. ಅವು ಹಳೆಯ ಸೀಲನ್ನು ಸ್ವಲ್ಪ ಉಬ್ಬಿಸಿ ತಾತ್ಕಾಲಿಕವಾಗಿ ಸೋರಿಕೆ ಕಡಿಮೆ ಮಾಡುತ್ತವೆ. ಸೋರುವ ಪೈಪಿಗೆ, ತುಕ್ಕು ಹಿಡಿದ ಶಾಫ್ಟಿಗೆ ಅವು ಏನೂ ಮಾಡಲಾರವು.

ಆಯಿಲ್ ಬದಲಾಯಿಸುವುದು

ಬದಲಾಯಿಸಲೇಬೇಕಿಲ್ಲ ಅನ್ನುವ ಕಂಪನಿಗಳೂ ಇವೆ. ನಮ್ಮ ಬಿಸಿಲು, ಟ್ರಾಫಿಕ್ಕು, ಧೂಳು ನೋಡಿದರೆ 60ರಿಂದ 80 ಸಾವಿರ ಕಿ.ಮೀ.ಗೆ ಒಮ್ಮೆ ಬದಲಾಯಿಸುವುದು ಒಳ್ಳೆಯದು. ಮನೆಯಲ್ಲೇ ಮಾಡಬಹುದು.

ಸುಲಭದ ದಾರಿ ಸಿರಿಂಜ್‌ನದು. ದೊಡ್ಡ ಸಿರಿಂಜಿಗೆ ತೆಳು ಪೈಪು ಸಿಕ್ಕಿಸಿ ಡಬ್ಬಿಯ ಹಳೆಯ ಆಯಿಲ್ ಹೀರಿ ತೆಗೆಯಿರಿ, ಹೊಸದು ತುಂಬಿಸಿ, ಒಂದು ವಾರ ಓಡಿಸಿ, ಮತ್ತೆ ಹಾಗೇ ಮಾಡಿ. ಒಟ್ಟು ಆಯಿಲ್ 1 ಲೀಟರ್, ಡಬ್ಬಿಯಲ್ಲಿ 300 ಮಿ.ಲೀ. ಇದ್ದರೆ ಪ್ರತಿ ಸಲವೂ 30 ಶೇಕಡಾ ಹೊಸದಾಗುತ್ತದೆ. ಮೂರು ಸಲ ಮಾಡಿದರೆ ಮೂರರಲ್ಲಿ ಎರಡು ಪಾಲು ಹೊಸದು, ನಾಲ್ಕು ಸಲಕ್ಕೆ ಮುಕ್ಕಾಲು ಪಾಲು. ನಿಧಾನ, ಆದರೆ ಗಾಳಿ ಸೇರುವ ಭಯವಿಲ್ಲ.

ಪೂರ್ತಿ ಬದಲಾಯಿಸಲು ರಿಟರ್ನ್ ಪೈಪು ಬಿಚ್ಚಬೇಕು. ಇಬ್ಬರು ಬೇಕು.

1. ಹ್ಯಾಂಡ್‌ಬ್ರೇಕ್ ಹಾಕಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಡಿ. ಮುಂದಿನ ಎರಡೂ ಚಕ್ರ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜಾಕಿಯನ್ನು ನಂಬಿ ಕೆಳಗೆ ಕೈ ಹಾಕಬೇಡಿ.

2. ಡಬ್ಬಿಯ ಆಯಿಲ್ ಹೀರಿ ತೆಗೆಯಿರಿ. ಡಬ್ಬಿಗೆ ಬರುವ ಎರಡು ಪೈಪುಗಳಲ್ಲಿ ರ್ಯಾಕಿನಿಂದ ವಾಪಸ್ ಬರುವ ಸಣ್ಣ ಪೈಪನ್ನು ಬಿಚ್ಚಿ ಬಾಟಲಿಗೆ ಬಿಡಿ. ಡಬ್ಬಿಯ ಕಡೆಯ ಮೂತಿಗೆ ರಬ್ಬರ್ ಬಿರಡೆ ಹಾಕಿ.

3. ಹೊಸ ಆಯಿಲ್ ತುಂಬಿಸಿ. ಇಂಜಿನ್ ಆಫ್ ಇರಲಿ, ಸ್ಟೀರಿಂಗ್ ಲಾಕ್ ಬೀಳದಂತೆ ಕೀ ಒಂದು ಹಂತ ತಿರುಗಿಸಿ. ಒಬ್ಬರು ನಿಧಾನವಾಗಿ ಆ ಕೊನೆಯಿಂದ ಈ ಕೊನೆಗೆ ತಿರುಗಿಸಲಿ, ಇನ್ನೊಬ್ಬರು ಡಬ್ಬಿ ಖಾಲಿಯಾಗದಂತೆ ಸುರಿಯುತ್ತಿರಲಿ.

4. ಬಾಟಲಿಗೆ ಹೊಸ ಬಣ್ಣದ ಆಯಿಲ್ ಬರತೊಡಗಿದ ಮೇಲೆ ಪೈಪು ವಾಪಸ್ ಜೋಡಿಸಿ, ಕ್ಲಿಪ್ ಹಾಕಿ.

ಬೇಗ ಮುಗಿಯಲಿ ಅಂತ ಇಂಜಿನ್ ಸ್ಟಾರ್ಟ್ ಮಾಡಿ ತೆಗೆಯುವವರಿದ್ದಾರೆ. ನಿಮಿಷಕ್ಕೆ 7 ಲೀಟರ್ ದೂಡುವ ಪಂಪು 300 ಮಿ.ಲೀ. ಡಬ್ಬಿಯನ್ನು ಮೂರು ಸೆಕೆಂಡಿನೊಳಗೆ ಒಣಗಿಸುತ್ತದೆ. ಸುರಿಯುವವರ ಕೈ ಅಷ್ಟು ಚುರುಕಿರುವುದಿಲ್ಲ. ಹಳೆಯ ಆಯಿಲನ್ನು ಮೋರಿಗೆ ಚೆಲ್ಲದೆ ಗ್ಯಾರೇಜಿಗೆ ಕೊಡಿ.

ಗಾಳಿ ತೆಗೆಯುವುದು

ಪಂಪು, ಪೈಪು, ರ್ಯಾಕು ಯಾವುದನ್ನು ಬಿಚ್ಚಿದರೂ ಇದು ಕಡ್ಡಾಯ. ಚಕ್ರ ಎತ್ತಿಯೇ ಇರಲಿ. ತಣ್ಣಗಿನ ಗೆರೆಯವರೆಗೆ ಆಯಿಲ್ ಇರಲಿ. ಇಂಜಿನ್ ಆಫ್ ಇರುವಾಗಲೇ ಸ್ಟೀರಿಂಗನ್ನು ಎರಡೂ ಕೊನೆಗೆ ನಿಧಾನವಾಗಿ 15-20 ಸಲ ತಿರುಗಿಸಿ. ಡಬ್ಬಿಯೊಳಗೆ ಇಣುಕಿ ನೋಡಿ: ಮೊದಲು ದೊಡ್ಡ ಗುಳ್ಳೆಗಳು ಬುಳಕ್ ಅಂತ ಏಳುತ್ತವೆ, ಆಮೇಲೆ ಸಾಸಿವೆ ಗಾತ್ರದವು, ಕೊನೆಗೆ ಆಯಿಲ್ ಅಲುಗಾಡದೆ ತಿಳಿಯಾಗುತ್ತದೆ. ಅಲ್ಲಿಯವರೆಗೆ ಸ್ಟಾರ್ಟ್ ಮಾಡಬೇಡಿ. ಗಾಳಿ ಇರುವಾಗಲೇ ಪಂಪು ಓಡಿಸಿದರೆ ದೊಡ್ಡ ಗುಳ್ಳೆಗಳು ಒಡೆದು ನೊರೆಯಾಗುತ್ತವೆ, ನೊರೆ ಇಳಿಯಲು ಗಂಟೆಗಟ್ಟಲೆ ಬೇಕು.

ತಿಳಿಯಾದ ಮೇಲೆ ಸ್ಟಾರ್ಟ್ ಮಾಡಿ, ಆಕ್ಸಿಲರೇಟರ್ ಒತ್ತದೆ ಕೆಲವು ಸಲ ತಿರುಗಿಸಿ. ಕೊನೆಯಲ್ಲಿ ಹಿಡಿಯಬೇಡಿ. ಗಾಡಿ ಇಳಿಸಿ, ಮಟ್ಟ ಗುರುತು ಮಾಡಿಕೊಂಡು ಇಂಜಿನ್ ಆಫ್ ಮಾಡಿ. ಆಫ್ ಮಾಡಿದಾಗ ಮಟ್ಟ 5 ಮಿ.ಮೀ.ಗಿಂತ ಜಾಸ್ತಿ ಮೇಲೆ ಬಂದರೆ ಗಾಳಿ ಇನ್ನೂ ಉಳಿದಿದೆ.

ಸದ್ದು, ಭಾರ, ಹನಿ: ಕಾಯಿಲೆ ಪತ್ತೆ

ಸ್ಟೀರಿಂಗ್ ಭಾರ ಅನ್ನಿಸಿದರೆ ಮೊದಲು ಟಯರಿನ ಗಾಳಿ ನೋಡಿ. ನಗಬೇಡಿ, ಗಾಳಿ ಇಳಿದ ಟಯರಿನ ತಪ್ಪಿಗೆ ಪಂಪು ಬದಲಾಯಿಸಿಕೊಂಡವರಿದ್ದಾರೆ. ತುಂಬಾ ಅಗಲದ ಟಯರು ಹಾಕಿಸಿದ್ದರೂ ಭಾರವಾಗುತ್ತದೆ.

ಬೆಳಗ್ಗೆ ಸ್ಟಾರ್ಟ್ ಮಾಡಿ ತಿರುಗಿಸಿದ ಕೂಡಲೇ ಕೀರಲು ಸದ್ದು ಬಂದರೆ, ಮಳೆಯಲ್ಲಿ ಅದು ಜಾಸ್ತಿಯಾದರೆ ಬೆಲ್ಟು. ಗುಂಯ್ ಸದ್ದು ಆಕ್ಸಿಲರೇಟರ್ ಜೊತೆ ಏರಿದರೆ ಆಯಿಲ್ ಕಡಿಮೆ ಅಥವಾ ಗಾಳಿ. ಐಡ್ಲಿಂಗ್‌ನಲ್ಲಿ ಭಾರ, ಆಕ್ಸಿಲರೇಟರ್ ಕೊಟ್ಟರೆ ಹಗುರ ಅಂದರೆ ಬೆಲ್ಟು ಜಾರುತ್ತಿದೆ ಅಥವಾ ಪಂಪು ಸವೆದಿದೆ. ಒಂದೇ ಕಡೆಗೆ ಭಾರ ಅಂದರೆ ಪಂಪಿನದಲ್ಲ, ರ್ಯಾಕಿನ ಒಳಗಿನ ಸೀಲು ಅಥವಾ ವಾಲ್ವಿನ ತಕರಾರು. ಗುಂಡಿಗಳಲ್ಲಿ ಕಟಕಟ ಅಂದರೆ ಬಹುಶಃ ಟೈ ರಾಡ್ ಎಂಡ್, ಅಂದರೆ ರ್ಯಾಕನ್ನು ಚಕ್ರಕ್ಕೆ ಜೋಡಿಸುವ ಕೀಲು. ಅದಕ್ಕೂ ಆಯಿಲ್‌ಗೂ ಸಂಬಂಧವಿಲ್ಲ.

ಮೆಕ್ಯಾನಿಕ್‌ಗಳಿಗೂ ಕೈಕೊಡುವ ಒಂದು ಸಂಗತಿ ಇದೆ. ನೊರೆ ಬರುತ್ತದೆ, ಗುಂಯ್‌ಗುಟ್ಟುತ್ತದೆ, ಆದರೆ ಎಲ್ಲೂ ಒಂದು ಹನಿಯೂ ಸೋರಿಲ್ಲ. ಆಗ ಡಬ್ಬಿಯಿಂದ ಪಂಪಿಗೆ ಹೋಗುವ ಹೀರುವ ಪೈಪನ್ನು ಅನುಮಾನಿಸಿ. ಅಲ್ಲಿ ಪಂಪು ಎಳೆದುಕೊಳ್ಳುತ್ತಿರುತ್ತದೆ, ಆದ್ದರಿಂದ ಸಡಿಲ ಕ್ಲಿಪ್‌ನಿಂದಲೋ ಗಟ್ಟಿಯಾದ ಓ-ರಿಂಗ್‌ನಿಂದಲೋ (ಜೋಡಣೆಯ ರಬ್ಬರ್ ಉಂಗುರ) ಆಯಿಲ್ ಹೊರಗೆ ಬರುವ ಬದಲು ಗಾಳಿ ಒಳಗೆ ಹೋಗುತ್ತದೆ. ಪಂಪಿನ ಮೂತಿಯ ಓ-ರಿಂಗ್ ಬದಲಾಯಿಸಿದರೆ ಎಷ್ಟೋ ಸಲ ಸದ್ದೆಲ್ಲ ಮಾಯ. ಡಬ್ಬಿಯ ತಳದ ಜಾಳಿಗೆ ಕಟ್ಟಿಕೊಂಡರೂ ಇದೇ ಲಕ್ಷಣ. ಈ ಎರಡನ್ನೂ ನೋಡದೆ ಪಂಪು ಬದಲಿಸಲು ಒಪ್ಪಬೇಡಿ.

ಸೋರಿಕೆ ಹುಡುಕುವಾಗ ಮೊದಲು ಎಲ್ಲ ಒರೆಸಿ ಒಣಗಿಸಿ, ಗಾಡಿಯ ಕೆಳಗೆ ರಟ್ಟು ಹಾಸಿ ರಾತ್ರಿಯಿಡೀ ಬಿಡಿ. ಇಂಜಿನ್ ಓಡುವಾಗ ಪ್ರೆಶರ್ ಹೋಸ್ ಮೇಲೆ ಬರಿಗೈ ಆಡಿಸಬೇಡಿ, ಸೂಜಿಯಷ್ಟು ತೂತಿನಿಂದ ಬರುವ ಆಯಿಲ್ ಚರ್ಮ ಸೀಳುತ್ತದೆ. ಆ ಹೋಸ್ ಬಿರಿದರೆ ತುದಿ ಕತ್ತರಿಸಿ ಕ್ಲಿಪ್ ಹಾಕುವ ರಿಪೇರಿ ಬೇಡವೇ ಬೇಡ. ತಿರುವಿನಲ್ಲಿ ಬಿಟ್ಟುಕೊಂಡರೆ ಬಿಸಿ ಆಯಿಲ್ ಸೈಲೆನ್ಸರ್ ಕೊಳವೆಯ ಮೇಲೆ ಬಿದ್ದು ಬೆಂಕಿ ಹತ್ತಬಹುದು.

ದಾರಿಯಲ್ಲಿ ಕೈಕೊಟ್ಟರೆ

ಘಾಟಿ ಇಳಿಯುವಾಗ ಡೀಸೆಲ್ ಉಳಿಸಲು ಇಂಜಿನ್ ಆಫ್ ಮಾಡುವುದು ಕೆಲವರ ಹಳೆಯ ಚಟ. ಆಗುಂಬೆಯಂಥ ಹೇರ್‌ಪಿನ್ ತಿರುವುಗಳಲ್ಲಿ ಪಂಪು ನಿಂತರೆ ಸ್ಟೀರಿಂಗ್ ಕಲ್ಲಾಗುತ್ತದೆ, ಎರಡು ಮೂರು ಸಲ ಒತ್ತಿದ ಮೇಲೆ ಬ್ರೇಕ್ ಒತ್ತಲು ನೆರವಾಗುವ ಬೂಸ್ಟರೂ ಕೈಬಿಡುತ್ತದೆ. ಗೇರಿನಲ್ಲೇ ಇಳಿಯಿರಿ.

ಓಡುತ್ತಿರುವಾಗ ಸ್ಟೀರಿಂಗ್ ಇದ್ದಕ್ಕಿದ್ದಂತೆ ಗಟ್ಟಿಯಾಗಿ, ಜೊತೆಗೆ ಬ್ಯಾಟರಿ ದೀಪ ಹತ್ತಿದರೆ ಬೆಲ್ಟು ಹರಿದಿದೆ. ಹಲವು ಗಾಡಿಗಳಲ್ಲಿ ವಾಟರ್ ಪಂಪೂ ಅದೇ ಬೆಲ್ಟಿನಲ್ಲಿ ಓಡುತ್ತದೆ. ಎರಡು ಕೈಯಿಂದ ಹಿಡಿದು, ನಿಧಾನವಾಗಿ ಪಕ್ಕಕ್ಕೆ ತಂದು, ಇಂಜಿನ್ ಆಫ್ ಮಾಡಿ. ಇನ್ನೊಂದೆರಡು ಕಿಲೋಮೀಟರ್ ಎಳೆಯೋಣ ಅಂದರೆ ನೀರು ಸುತ್ತದೆ ಇಂಜಿನ್ ಕಾದು ಹೆಡ್ ಗ್ಯಾಸ್ಕೆಟ್ (ಇಂಜಿನ್ನಿನ ತಲೆಭಾಗದ ಸೀಲು) ಹೋಗಬಹುದು.

ಬೆಲ್ಟು ಸರಿಯಿದ್ದು ಆಯಿಲ್ ಮಾತ್ರ ಪೂರ್ತಿ ಖಾಲಿಯಾಗಿದ್ದರೆ ಪಂಪು ಒಣಗಿ ತಿರುಗುತ್ತಿರುತ್ತದೆ. ಸರಿಯಾದ ಆಯಿಲ್ ಕೈಗೆ ಸಿಕ್ಕರೆ ತುಂಬಿಸಿಕೊಂಡು ಹತ್ತಿರದ ಗ್ಯಾರೇಜಿಗೆ ಮಾತ್ರ ಹೋಗಿ. ಸಿಗದಿದ್ದರೆ ಟೋ ಮಾಡಿಸಿ. ಟೋ ಮಾಡುವಾಗ ಕೀ ತಿರುಗಿಸಿಟ್ಟಿರಿ, ಇಲ್ಲದಿದ್ದರೆ ಸ್ಟೀರಿಂಗ್ ಲಾಕ್ ಬೀಳುತ್ತದೆ.

ರ್ಯಾಕು ಬಿಚ್ಚಿಸಲೇಬೇಕಾದರೆ

ರ್ಯಾಕಿನ ಬೂಟನ್ನು ಒತ್ತಿದಾಗ ಒಳಗೆ ಆಯಿಲ್ ತುಂಬಿಕೊಂಡಿದ್ದರೆ ತುದಿಯ ಸೀಲು ಹೋಗಿದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸೀಲ್ ಕಿಟ್ಟೂ ಸಿಗುತ್ತದೆ, ರೀಕಂಡೀಶನ್ ಮಾಡಿದ ರ್ಯಾಕೂ ಸಿಗುತ್ತದೆ. ಯಾವುದು ಬೇಕು ಅನ್ನುವುದು ಶಾಫ್ಟಿನ ಮೇಲೆ ನಿಂತಿದೆ. ಬಿಚ್ಚಿದಾಗ ಎದುರಿಗಿದ್ದು, ಶಾಫ್ಟನ್ನು ಒರೆಸಿ ಉಗುರು ಎಳೆದು ನೋಡಿ. ಉಗುರು ಎಲ್ಲೂ ಸಿಕ್ಕಿಕೊಳ್ಳದೆ ಜಾರಿದರೆ ಸೀಲ್ ಕಿಟ್ ಸಾಕು. ತುಕ್ಕಿನ ಹಳ್ಳಕ್ಕೆ ಉಗುರು ತಡೆದರೆ ಹೊಸ ಸೀಲು ಕೆಲವೇ ತಿಂಗಳಲ್ಲಿ ಮತ್ತೆ ಸೋರುತ್ತದೆ, ಆಗ ರ್ಯಾಕೇ ಬದಲಾಯಿಸಿ.

ಹಳೆಯ ಪಂಪು ಪುಡಿಯಾಗಿ ಲೋಹದ ಚೂರು ಆಯಿಲ್‌ಗೆ ಸೇರಿದ್ದರೆ, ಹೊಸದನ್ನು ಕೂರಿಸುವ ಮುಂಚೆ ಪೈಪುಗಳನ್ನೆಲ್ಲ ತೊಳೆಸಿ, ಡಬ್ಬಿಯನ್ನೇ ಬದಲಾಯಿಸಿಬಿಡಿ. ಹೊಸ ಬೂಟು, ಹೊಸ ಕ್ಲಿಪ್ಪು, ಹೊಸ ಆಯಿಲ್ ಬಿಲ್ಲಿನಲ್ಲಿ ಇವೆಯಾ ನೋಡಿಕೊಳ್ಳಿ. ರ್ಯಾಕು ಇಳಿಸಿ ಹತ್ತಿಸಿದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸದೆ ಗಾಡಿ ಮನೆಗೆ ತರಬೇಡಿ.